ಮನೆಯ ಚಪ್ಪರಕ್ಕೆ ಯಾವ ದ್ರಾಕ್ಷಿ?

ಫೆಬ್ರವರಿ ಬಂತೆಂದರೆ ತಳ್ಳುಗಾಡಿಗಳ ತುಂಬ ನೀಳವಾದ ಹಸಿರು ದ್ರಾಕ್ಷಿ. ಬೀಜವಿಲ್ಲ, ಹುಳಿಯಿಲ್ಲ, ಸಿಪ್ಪೆಯ ರಗಳೆಯಿಲ್ಲ. ಚೌಕಾಸಿ ಮಾಡಿ ಒಂದು ಕಿಲೋ ಕೊಂಡು ತಿಂದವರಲ್ಲಿ, ಹಿತ್ತಲಲ್ಲಿ ನಾಲ್ಕಡಿ ಜಾಗವಿರುವವರಿಗೆ ಆಸೆ ಹುಟ್ಟುತ್ತದೆ: ಇದೇ ಬಳ್ಳಿಯನ್ನು ನಮ್ಮ ಚಪ್ಪರಕ್ಕೂ ಹಬ್ಬಿಸಿದರೆ ಹೇಗೆ? ನರ್ಸರಿಗೆ ಹೋಗಿ 'ಸೀಡ್‌ಲೆಸ್ ಕೊಡಿ' ಎಂದು ಕೇಳಿ ಸಸಿ ತರುತ್ತಾರೆ. ಬಳ್ಳಿಯೇನೋ ಹುರುಪಿನಿಂದ ಹಬ್ಬುತ್ತದೆ. ಮಳೆಗಾಲದಲ್ಲಿ ಎಲೆಗಳ ಮೇಲೆ ಕಲೆ ಬಿದ್ದು ಉದುರುತ್ತವೆ. ಮೂರನೇ ವರ್ಷಕ್ಕೂ ಗೊಂಚಲಿನ ಸುಳಿವಿರುವುದಿಲ್ಲ. ಗೊಬ್ಬರ ಸಾಲಲಿಲ್ಲವೇನೋ, ನೀರು ಹೆಚ್ಚಾಯಿತೇನೋ ಎಂದು ಮನೆಯವರು ತಲೆ ಕೆಡಿಸಿಕೊಳ್ಳುತ್ತಾರೆ. ಎಡವಟ್ಟು ಬಹುಪಾಲು ಸಸಿ ಆರಿಸಿದ ದಿನವೇ ಆಗಿರುತ್ತದೆ.

ಆ ಹಸಿರು ದ್ರಾಕ್ಷಿಯ ಹಿನ್ನೆಲೆಯನ್ನು ಸ್ವಲ್ಪ ನೋಡಿ. ಥಾಮ್ಸನ್ ಸೀಡ್‌ಲೆಸ್, ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್ ಎಂದು ಹೆಸರು ಹಲವಾದರೂ ಇವೆಲ್ಲ ಒಂದೇ ಬಳ್ಳಿಯ ಸಂತಾನ. ಸುಲ್ತಾನಾ ಎಂಬ ಹಳೆಯ ತಳಿ ಅಮೆರಿಕದಲ್ಲಿ ಥಾಮ್ಸನ್ ಹೆಸರು ಪಡೆಯಿತು. ಅದರ ಕಡ್ಡಿಗಳು ಮಹಾರಾಷ್ಟ್ರದ ತೋಟಗಳಿಗೆ ಬಂದ ಮೇಲೆ, ಯಾವುದೋ ಒಂದು ರೆಂಬೆಯಲ್ಲಿ ಹಣ್ಣು ತುಸು ಉದ್ದವಾಗಿಯೋ ದಪ್ಪವಾಗಿಯೋ ಕಾಣಿಸಿತು. ಕಣ್ಣಿಟ್ಟಿದ್ದ ರೈತರು ಆ ರೆಂಬೆಯನ್ನೇ ಕತ್ತರಿಸಿ ನೆಟ್ಟು ಹೊಸ ಹೆಸರಿಟ್ಟರು. ಕಡ್ಡಿಯಿಂದ ಬೆಳೆಸಿದ ದ್ರಾಕ್ಷಿ ತಾಯಿಯ ತದ್ರೂಪ. ಬೀಜದಿಂದ ಬೆಳೆಸಿದರೆ ಏನು ಹುಟ್ಟುತ್ತದೋ ಹೇಳಲಾಗದು, ಹಾಗಾಗಿ ತಿಂದ ಹಣ್ಣಿನ ಬೀಜ ಊರುವ ಯೋಚನೆ ಬೇಡ.

ಥಾಮ್ಸನ್ ಹಣ್ಣೊಂದನ್ನು ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದರೆ ನಡುವೆ ಮೆತ್ತನೆಯ, ಬಿಳಿಯ, ಹುಟ್ಟಿಯೂ ಹುಟ್ಟದಂಥ ಬೀಜದ ಕುರುಹು ಕಾಣುತ್ತದೆ. ಇಲ್ಲಿ ಪರಾಗಸ್ಪರ್ಶವೂ ಆಗಿದೆ, ಫಲೀಕರಣವೂ ಆಗಿದೆ; ಆಮೇಲೆ ಬೀಜದ ಬೆಳವಣಿಗೆ ಅರ್ಧಕ್ಕೆ ನಿಂತಿದೆ. ಬೀಜದ ಸಿಪ್ಪೆಯನ್ನು ರೂಪಿಸುವ ವಂಶವಾಹಿಯೊಂದರಲ್ಲಿ ಆದ ಒಂದೇ ಅಕ್ಷರದಷ್ಟು ಬದಲಾವಣೆ ಇದಕ್ಕೆ ಕಾರಣವೆಂದು 2018ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೀಜ ಬಲಿಯದಿದ್ದರೆ ತಿನ್ನುವವರಿಗೆ ಸುಖ, ಹಣ್ಣಿಗೆ ನಷ್ಟ. ಕಾಯಿ ದಪ್ಪಗಾಗಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಬರುವುದು ಬಹುಮಟ್ಟಿಗೆ ಬೀಜದಿಂದಲೇ. ಅದನ್ನು ಹೊರಗಿನಿಂದ ತುಂಬಿಕೊಡಲು ಬೆಳೆಗಾರರು ಗೊಂಚಲುಗಳಿಗೆ ಜಿಬ್ಬರೆಲಿಕ್ ಆಮ್ಲ, ಅಂದರೆ 'ಜಿಎ', ಸಿಂಪಡಿಸುತ್ತಾರೆ, ಇಲ್ಲವೇ ಅದರ ದ್ರಾವಣದಲ್ಲಿ ಗೊಂಚಲನ್ನೇ ಅದ್ದುತ್ತಾರೆ. ಹೂವಿಗೆ ಮೊದಲು, ಹೂವಿನ ಹೊತ್ತಿಗೆ, ಕಾಯಿ ಕಚ್ಚಿದ ಮೇಲೆ, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ. ತಳ್ಳುಗಾಡಿಯ ದ್ರಾಕ್ಷಿಯ ಗಾತ್ರ ಅಲ್ಲಿಂದ ಬಂದದ್ದು. ಜಿಎ ಇಲ್ಲದೆ ಮನೆಯಲ್ಲಿ ಬೆಳೆದ ಥಾಮ್ಸನ್ ಸಣ್ಣಗೆ, ಒತ್ತೊತ್ತಾಗಿ ಇರುತ್ತದೆ. ರುಚಿಗೇನೂ ಕೊರತೆಯಿಲ್ಲ, ಆದರೆ ನೀವು ಆಸೆಪಟ್ಟ ಹಣ್ಣು ಅದಲ್ಲ.

ಇನ್ನು ಹವೆಯ ಮಾತು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅಲ್ಲಿನ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆ. ಅವರ ಮಾತಿನಲ್ಲಿ ಅದು 'ಚಾಟ್ನಿ'. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಮಳೆ ಕಾಲ್ತೆಗೆಯುವ ಹೊತ್ತಿಗೆ ಸವರಿದರೆ ಹೂ, ಕಾಯಿ, ಹಣ್ಣು ಎಲ್ಲವೂ ಒಣ ಹವೆಯಲ್ಲೇ ಮುಗಿಯುತ್ತವೆ. ಬೆಂಗಳೂರಿನಲ್ಲಿ ಮಳೆ 900 ಮಿ.ಮೀ. ಮೀರುತ್ತದೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಜೋರು. ಮಂಗಳೂರಿನಲ್ಲಿ 3,000 ಮಿ.ಮೀ. ದಾಟುತ್ತದೆ. ಕರಾವಳಿಯವರಿಗೆ ನನ್ನ ಸಲಹೆ ನೇರ: ಚಪ್ಪರವಿದ್ದರೆ ಬಸಳೆ ಹಬ್ಬಿಸಿ, ದ್ರಾಕ್ಷಿ ಅಂಗಡಿಯಿಂದ ತನ್ನಿ.

ಮಳೆಗೂ ದ್ರಾಕ್ಷಿಗೂ ಅಂಥ ಹಗೆತನವೇಕೆ? ಬೆಳೆಗಾರರು 'ಡೌನಿ' ಎಂದು ಕರೆಯುವ ಬೂಜು ತುಪ್ಪಟ ರೋಗ ಅದಕ್ಕೆ ಮುಖ್ಯ ಕಾರಣ. ಎಲೆಯ ಮೇಲ್ಮೈಯಲ್ಲಿ ಮೊದಲು ಎಣ್ಣೆ ಚೆಲ್ಲಿದಂಥ ತಿಳಿಹಳದಿ ಮಚ್ಚೆ. ಮೋಡ ಕವಿದ ಬೆಳಗ್ಗೆ ಅದೇ ಎಲೆಯನ್ನು ತಿರುವಿ ನೋಡಿದರೆ, ಮಚ್ಚೆಯ ನೇರ ಕೆಳಗೆ ಬಿಳಿ ತುಪ್ಪಟ. ಅದು ರಾತ್ರಿ ಕತ್ತಲಲ್ಲಿ, ತೇವದಲ್ಲಿ ಎಲೆಯ ಉಸಿರುರಂಧ್ರಗಳಿಂದ ಹೊರಚಾಚಿದ ರೋಗಾಣುವಿನ ಕವಲು. ಅದರ ಬೀಜಕಗಳು ಒದ್ದೆ ಎಲೆಯ ಮೇಲೆ ಬಿದ್ದರೆ ಒಡೆದು, ಎರಡೆರಡು ಬಾಲದ ಸೂಕ್ಷ್ಮ ಕಣಗಳು ಹೊರಬರುತ್ತವೆ. ಅವು ನೀರಿನ ತೆಳುಪದರದಲ್ಲಿ ಈಜುತ್ತವೆ, ಹತ್ತಿರದ ಉಸಿರುರಂಧ್ರವನ್ನು ಹುಡುಕಿ ಒಳನುಗ್ಗುತ್ತವೆ. ಎಲೆ ಒಣಗಿದ್ದರೆ ಈಜುವ ಪ್ರಶ್ನೆಯೇ ಇಲ್ಲ. ರೋಗ ತಡೆಯಲು ಬೇಕಾದದ್ದು ಒಣ ಎಲೆ ಎಂಬುದು ವಿಜಯಪುರಕ್ಕೆ ಹವೆ ಕೊಟ್ಟ ವರ, ಉಳಿದವರಿಗೆ ತಲೆನೋವು.

ಮಲೆನಾಡಿನವರಿಗೆ ಈ ಶತ್ರು ಅಪರಿಚಿತನಲ್ಲ. ಅಡಿಕೆಗೆ ಬರುವ ಕೊಳೆರೋಗದ ರೋಗಾಣುವೂ ಡೌನಿಯ ರೋಗಾಣುವೂ ಒಂದೇ ಬಳಗಕ್ಕೆ ಸೇರಿದವು. ಎರಡೂ ನಿಜವಾದ ಶಿಲೀಂಧ್ರಗಳಲ್ಲ, ನೀರುಬೂಜುಗಳು. ಮದ್ದಿನಲ್ಲೂ ನೆಂಟಸ್ತಿಕೆ ಇದೆ. ಡೌನಿ ಅಮೆರಿಕದಿಂದ ಫ್ರಾನ್ಸಿಗೆ ಕಾಲಿಟ್ಟದ್ದು 1878ರಲ್ಲಿ. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಎರಚುವ ರೂಢಿಯಿತ್ತು. ಆ ಬಳ್ಳಿಗಳ ಎಲೆ ಮಾತ್ರ ಉದುರದೆ ನಿಂತದ್ದನ್ನು ಸಸ್ಯವಿಜ್ಞಾನಿ ಮಿಲ್ಲಾರ್ಡೆ 1882ರಲ್ಲಿ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಬೋರ್ಡೋ ದ್ರಾವಣವನ್ನು ಪ್ರಕಟಿಸಿದ. ಅದೇ ದ್ರಾವಣವನ್ನು ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದ. ಕಳ್ಳರಿಗೆ ಹೂಡಿದ ಉಪಾಯ ಮಲೆನಾಡಿನ ಕೊನೆಗಾರರ ಕೈಗೆ ಬಂದು ತಲುಪಿತು.

ಮನೆಯಲ್ಲಿ ಬೆಳೆಯುವವರು ವಾರಕ್ಕೊಮ್ಮೆ ಔಷಧಿ ಹೊಡೆಯುತ್ತ ಕೂರಲಾಗುವುದಿಲ್ಲ, ಮಕ್ಕಳು ಚಪ್ಪರದ ಕೆಳಗೇ ಆಡುತ್ತಿರುವಾಗ ಹೊಡೆಯುವುದೂ ಬೇಡ. ಹಾಗಾಗಿ ರೋಗದ ಜೊತೆ ಹುಟ್ಟಿ ಬೆಳೆದ ಬಳ್ಳಿಯ ರಕ್ತವಿರುವ ತಳಿ ಬೇಕು. ಡೌನಿಯ ತವರು ಅಮೆರಿಕ; ಅಲ್ಲಿನ ಕಾಡುದ್ರಾಕ್ಷಿಗಳು ಅದರೊಂದಿಗೆ ಲಕ್ಷಾಂತರ ವರ್ಷ ಏಗಿವೆ. ಯುರೋಪು, ಪಶ್ಚಿಮ ಏಷ್ಯಾದ ವೈಟಿಸ್ ವಿನಿಫೆರಾಗೆ ಆ ಅನುಭವವಿಲ್ಲ. ಅಮೆರಿಕದ ವೈಟಿಸ್ ಲಾಬ್ರುಸ್ಕಾದ ಎಲೆಯ ತಳಭಾಗ ಕಂಬಳಿಯಂಥ ರೋಮದಿಂದ ಮುಚ್ಚಿರುತ್ತದೆ. ನೀರು ಅಲ್ಲಿ ಹರಡಿಕೊಳ್ಳುವುದಿಲ್ಲ, ಈಜುವ ಕಣಗಳಿಗೆ ಉಸಿರುರಂಧ್ರ ಸುಲಭಕ್ಕೆ ಸಿಗುವುದಿಲ್ಲ.

ಈ ಎರಡು ಪ್ರಭೇದಗಳ ಮಿಶ್ರಣವೇ ನಮ್ಮ ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಲ್ಲುಕಂಬದ ಚಪ್ಪರಗಳಲ್ಲಿ ತೂಗುವ ಗುಂಡನೆಯ ಕಡುನೀಲಿ ದ್ರಾಕ್ಷಿ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಸಿಪ್ಪೆ ಒತ್ತಿದರೆ ಹಿತಕಿದ ಅವರೆಯಂತೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ. ಸಿಹಿ ಸಿಪ್ಪೆಗೆ ಅಂಟಿಕೊಂಡ ರಸದಲ್ಲಿ, ಹುಳಿ ಬೀಜದ ಸುತ್ತ. ಬೀಜ ಇದೆ, ಸಿಪ್ಪೆ ದಪ್ಪ, ಎರಡನ್ನೂ ಉಗಿಯಬೇಕು. ಮಾರುಕಟ್ಟೆಯಲ್ಲಿ ಇದು ಕೀಳಾದದ್ದು ಇದೇ ಕಾರಣಕ್ಕೆ. ಮನೆಯಂಗಳದಲ್ಲಿ ಉಗಿಯಲು ಯಾರ ಅಪ್ಪಣೆ ಬೇಕು? ಇದರ ಗಾಢ ಪರಿಮಳ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದ್ದು, ಲಾಬ್ರುಸ್ಕಾ ಕಡೆಯಿಂದ ಬಂದ ಆಸ್ತಿ. 'ಗ್ರೇಪ್' ಫ್ಲೇವರಿನ ಚೂಯಿಂಗ್ ಗಮ್ಮಿಗೆ ಹಾಕುವುದೂ ಅದನ್ನೇ. ದ್ರಾಕ್ಷಿ ಜ್ಯೂಸು ಮಾಡುವ ಮನೆಗಳಲ್ಲಿ ಥಾಮ್ಸನ್ನಿನ ರಸ ಇದರ ಮುಂದೆ ಬರೀ ಸಕ್ಕರೆ ನೀರು.

ಈ ತಳಿಗೆ ರೋಗವೇ ಬಾರದು ಎಂದುಕೊಳ್ಳಬೇಡಿ. ಎಲೆ, ಕಾಯಿಗೆ ಚುಕ್ಕೆ ಬೀಳಿಸುವ ಚಿಬ್ಬು ರೋಗಕ್ಕೆ (ಆಂಥ್ರಾಕ್ನೋಸ್) ಅಷ್ಟಾಗಿ ಜಗ್ಗುವುದಿಲ್ಲ. ಜಡಿಮಳೆ ಹಿಡಿದಾಗ ಡೌನಿ ಬರುತ್ತದೆ. ಲಾಬ್ರುಸ್ಕಾದ ಕವಚ ಮಿಶ್ರತಳಿಗೆ ಪೂರ್ತಿ ದಕ್ಕಿಲ್ಲ. ಆಗ ಸೋಂಕಿದ ಎಲೆ ಚಿವುಟಿ, ಒತ್ತಾದ ಕುಡಿ ತೆಗೆದು ಗಾಳಿಯಾಡಲು ಬಿಟ್ಟು, ಒಂದೆರಡು ಸಲ ಬೋರ್ಡೋ ಹೊಡೆದು ಸುಧಾರಿಸಿಕೊಳ್ಳಬಹುದು. ದೊಡ್ಡ ಹಣ್ಣಿನ ಅನಾಬ್-ಎ-ಶಾಹಿ, ಅದರದೇ ರೂಪಾಂತರವಾದ ದಿಲ್‌ಖುಷ್‌ಗಳಿಗೆ ಡೌನಿ ಎಂದರೆ ಆಗುವುದೇ ಇಲ್ಲ. ಚೆಂದ ನೋಡಿ ಮರುಳಾಗಿ ತರಬೇಡಿ. ತಮಿಳುನಾಡಿನ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ, ನಮ್ಮಲ್ಲಿ ಗುಲಾಬಿ ಎನ್ನುವುದು, ಪರಿಮಳದಲ್ಲಿ ಎಲ್ಲಕ್ಕಿಂತ ಮೇಲು ಎಂಬುದು ನನ್ನ ಪಕ್ಷಪಾತ. ಅದು ಅಪ್ಪಟ ವಿನಿಫೆರಾ, ಮಳೆಗಾಲದಲ್ಲಿ ಕಣ್ಣಿಟ್ಟು ಕಾಯಬೇಕು.

ಬೀಜ ಉಗಿಯುವುದು ಒಲ್ಲೆ ಎನ್ನುವವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೆಲವು ದಾರಿ ತೆರೆದಿದೆ. ಬ್ಲ್ಯಾಕ್ ಚಂಪಾ ಎಂಬ ತಳಿಯನ್ನೂ ಥಾಮ್ಸನ್ನನ್ನೂ ಸೇರಿಸಿ ಅಲ್ಲಿ ತೆಗೆದ ಅರ್ಕಾ ನೀಲಮಣಿಯದು ಬೀಜವಿಲ್ಲದ ಕಪ್ಪು ಹಣ್ಣು, ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ. ದಕ್ಷಿಣ ಒಳನಾಡಿನ ಮನೆಗೆ ಸೀಡ್‌ಲೆಸ್ಸೇ ಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಬೆಂಗಳೂರು ಬ್ಲೂ ಒಂದು ಕಡೆಯ ಪೋಷಕನಾಗಿರುವ ಅರ್ಕಾ ಶ್ಯಾಮ್, ಅರ್ಕಾ ಹಂಸ್ ಕೂಡ ಇವೆ. ಅವುಗಳಲ್ಲಿ ಬೀಜ ಇರುತ್ತದೆ.

ಬಣ್ಣದ ವಿಷಯದಲ್ಲೂ ಒಂದು ಎಚ್ಚರ ಬೇಕು. ಹಣ್ಣಿನ ಕೆಂಪು, ನೀಲಿಗೆ ಕಾರಣವಾದ ಆಂಥೋಸಯನಿನ್ ರಾತ್ರಿ ಸೆಕೆ ಹೆಚ್ಚಿದ್ದರೆ ಸರಿಯಾಗಿ ಕೂಡುವುದಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಣ್ಣಾಗುವ ಫ್ಲೇಮ್ ಸೀಡ್‌ಲೆಸ್‌ನಂಥ ಕೆಂಪು ತಳಿ ಪೇಲವವಾಗಿ, ಅರೆಬರೆ ಬಣ್ಣ ತಿರುಗಿ ನಿಲ್ಲುತ್ತದೆ. ಹಸಿರು ದ್ರಾಕ್ಷಿಗೆ ಈ ಚಿಂತೆಯಿಲ್ಲ. ಜಿಗಿಯುವ ವಂಶವಾಹಿಯೊಂದು ಬಣ್ಣದ ಗುಂಡಿಯ ಮೇಲೆ ಹೋಗಿ ಕೂತು ಅದನ್ನು ಆರಿಸಿಬಿಟ್ಟದ್ದರಿಂದಲೇ ಅವು ಹಸಿರಾಗಿರುವುದು. ಆ ಭಾಗದ ಒಣಹವೆಯ ಊರುಗಳವರು ಥಾಮ್ಸನ್ ಬಳಗವನ್ನು ಧೈರ್ಯವಾಗಿ ಹಾಕಬಹುದು, ಆದರೆ ಸವರುವುದನ್ನು ಕಲಿತುಕೊಂಡು.

ಏಕೆಂದರೆ ಗೊಂಚಲು ಬಾರದ ಮನೆಬಳ್ಳಿಗಳ ಗುಟ್ಟು ಇರುವುದು ಕತ್ತರಿಯಲ್ಲಿ. ದ್ರಾಕ್ಷಿ ಬಳ್ಳಿ ಆಧಾರಕ್ಕೆ ಸುತ್ತಿಕೊಳ್ಳುವ ಕುಡಿಬಳ್ಳಿಯನ್ನು ಹತ್ತಿರದಿಂದ ನೋಡಿ. ಕೆಲವೊಮ್ಮೆ ಅದರ ಒಂದು ಕವಲು ತಂತಿಗೆ ಸುತ್ತಿಕೊಂಡಿದ್ದರೆ, ಇನ್ನೊಂದು ಕವಲಿನ ತುದಿಯಲ್ಲಿ ಮೂರೋ ನಾಲ್ಕೋ ಕಾಯಿ ನೇತಾಡುತ್ತಿರುತ್ತವೆ. ಕುಡಿಬಳ್ಳಿಯೂ ಗೊಂಚಲೂ ಹುಟ್ಟುವುದು ಒಂದೇ ಬಗೆಯ ಮೊಳಕೆಯಿಂದ. ಬಳ್ಳಿಯ ಗಂಟಿನ ಕಣ್ಣೊಳಗೆ ಅದು ಯಾವುದಾಗಬೇಕೆಂಬ ತೀರ್ಮಾನ ಹಿಂದಿನ ಹಂಗಾಮಿನಲ್ಲೇ ಆಗುತ್ತದೆ. ಬಿಸಿಲು ಧಾರಾಳವಾಗಿ ಸಿಕ್ಕಿ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಕೈ ಮೇಲಾದರೆ ಗೊಂಚಲು. ನೆರಳಾಗಿ, ಜಿಬ್ಬರೆಲಿನ್ ಹೆಚ್ಚಿದರೆ ಕುಡಿಬಳ್ಳಿ. ಜಿಬ್ಬರೆಲಿನ್ನಿನ ಸಂದೇಶವನ್ನೇ ಕೇಳಿಸಿಕೊಳ್ಳದ ಒಂದು ಕುಳ್ಳ ದ್ರಾಕ್ಷಿಯನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2002ರಲ್ಲಿ ವರದಿ ಮಾಡಿದರು: ಅದರಲ್ಲಿ ಕುಡಿಬಳ್ಳಿ ಬರಬೇಕಾದ ಕಡೆಯೆಲ್ಲ ಗೊಂಚಲು! ಹಣ್ಣಿಗೆ ದಪ್ಪ ಕೊಡುವ ಅದೇ ಹಾರ್ಮೋನು ಮೊಗ್ಗಿನ ಹಂತದಲ್ಲಿ ಹಣ್ಣಿಗೇ ಎರವಾಗುತ್ತದೆ.

ತಳಿಯ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. ಥಾಮ್ಸನ್ನಿನ ಕಡ್ಡಿಯಲ್ಲಿ ಬುಡದ ಕಣ್ಣುಗಳು ಬಂಜೆ. ಗೊಂಚಲು ಕೊಡುವ ಕಣ್ಣುಗಳು ದೂರದಲ್ಲಿರುತ್ತವೆ. ಗುಲಾಬಿ ಗಿಡದಂತೆ ಚಿಕ್ಕದಾಗಿ ಕತ್ತರಿಸಿದವರು ಬರುವ ವರ್ಷದ ಹಣ್ಣನ್ನೆಲ್ಲ ಕಸದ ಬುಟ್ಟಿಗೆ ಹಾಕಿರುತ್ತಾರೆ. ಬೆಂಗಳೂರು ಬ್ಲೂವನ್ನು ನಾಲ್ಕು ಕಣ್ಣು ಬಿಟ್ಟು ಸವರಿದರೂ ಗೊಂಚಲು ಬರುತ್ತದೆ. ಕತ್ತರಿ ಹಿಡಿದು ಪಳಗದ ಕೈಗೆ ಇದಕ್ಕಿಂತ ದೊಡ್ಡ ರಿಯಾಯಿತಿ ಇನ್ನೇನು?

ಉಳಿದವು ಸಣ್ಣಪುಟ್ಟ ಸಂಗತಿಗಳು. ಬೆಳೆಸುವ ದ್ರಾಕ್ಷಿಯ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುವುದರಿಂದ ಒಂದೇ ಬಳ್ಳಿ ಸಾಕು, ಪಪ್ಪಾಯಿಯಂತೆ ಜೋಡಿ ಹುಡುಕಬೇಕಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಯಾವ ತಳಿಯೂ ಬೇಡ. ನರ್ಸರಿಯವರು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟಿದ ಸಸಿ ತೋರಿಸಿದರೆ ಕೇಳಿ ತಿಳಿದುಕೊಳ್ಳಿ. ಅದು ಉಪ್ಪುನೀರು, ಬರಗಾಲ ತಡೆಯಲೆಂದು ಉತ್ತರ ಕರ್ನಾಟಕದ ತೋಟಗಳಿಗೆ ಬಂದ ಅಮೆರಿಕದ ಬೇರು. ಬೆಳವಣಿಗೆ ಬಲು ಜೋರು, ಪುಟ್ಟ ಚಪ್ಪರಕ್ಕೆ ಅತಿಯಾಗುತ್ತದೆ. ಬೋರಿನ ನೀರು ಉಪ್ಪಾಗಿದ್ದರಷ್ಟೇ ಅದು ಬೇಕು. ಬೆಂಗಳೂರು ಬ್ಲೂಗೆ ಸ್ವಂತ ಬೇರು ಸಾಕು. ಪೆನ್ಸಿಲ್ ದಪ್ಪದ, ನಾಲ್ಕು ಕಣ್ಣಿನ, ಬಲಿತ ಕಡ್ಡಿಯನ್ನು ಎರಡು ಕಣ್ಣು ಮಣ್ಣೊಳಗಿರುವಂತೆ ಊರಿದರೆ ಚಿಗುರುತ್ತದೆ. ಬೀದಿಯಲ್ಲಿ ಯಾರ ಮನೆಯ ಬಳ್ಳಿ ಮಳೆಗಾಲ ಕಳೆದ ಮೇಲೂ ಹಸಿರಾಗಿ ನಿಂತಿದೆ ನೋಡಿ, ಅವರನ್ನು ಕೇಳಿ ಕಡ್ಡಿ ತನ್ನಿ. ನರ್ಸರಿಯ ಚೀಟಿಗಿಂತ ಅದು ನಂಬಬಹುದಾದ ಪುರಾವೆ.

ಚಳಿದೇಶದಲ್ಲಿ ದ್ರಾಕ್ಷಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ನಿದ್ದೆಯಿಲ್ಲ, ಸವರಿದಾಗಲೆಲ್ಲ ಚಿಗುರುತ್ತದೆ. ಹಾಗಾಗಿ ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಸವರಿದ ನಾಲ್ಕೂವರೆ ತಿಂಗಳ ಆಸುಪಾಸಿಗೆ ಹಣ್ಣು. ಅಕ್ಟೋಬರ್ ಕೊನೆಗೆ ಸವರಿದರೆ ಮಾರ್ಚ್‌ಗೆ ಸಿಗುವ ಫಸಲು ಒಣ ಹವೆಯದು, ಸಿಹಿಯದು. ಮಾರ್ಚ್ ಕೊನೆಗೆ ಮತ್ತೆ ಸವರಿದರೆ ಆಗಸ್ಟಿಗೆ ಬರುವುದು ಮಳೆಯಲ್ಲಿ ನೆನೆದು, ಬಿರಿದು, ಹುಳಿಯಾಗೇ ಉಳಿಯುವ ಸಂಭವ ಹೆಚ್ಚು. ದ್ರಾಕ್ಷಿ ಮಾವಿನಂತೆ ಕಿತ್ತ ಮೇಲೆ ಹಣ್ಣಾಗದು. ಬಣ್ಣ ತಿರುಗಿತೆಂದು ಅವಸರಪಟ್ಟು ಕಿತ್ತರೆ ಆ ಹುಳಿ ಅಷ್ಟೇ. ಮನೆಮಟ್ಟಿಗೆ ಎರಡನೇ ಫಸಲಿನ ಗೊಂಚಲನ್ನು ಹೂವಿನಲ್ಲೇ ಚಿವುಟಿ, ಮಳೆಗಾಲವನ್ನು ಕಡ್ಡಿ ಬಲಿಯಲು ಬಿಡುವುದು ಲೇಸು. ಗೊಂಚಲಿನ ತುದಿಯ ಹಣ್ಣು ಕೊನೆಗೆ ಮಾಗುವುದರಿಂದ, ಮಾರ್ಚ್‌ನಲ್ಲಿ ಮೊದಲು ಅದನ್ನೇ ಕಿತ್ತು ರುಚಿ ನೋಡಿ. ಅದು ಸಿಹಿಯಾಗಿದ್ದರೆ ಇಡೀ ಗೊಂಚಲು ಕೊಯ್ಯಬಹುದು.