ಮಾರ್ಕೋವಾ: ಯುದ್ಧಕಾಲದ ಒಂದು ಹಳ್ಳಿ

ಮಹಾಯುದ್ಧಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಸೇನಾನಿಗಳ ಹಾಗೂ ರಾಜಧಾನಿಗಳ ಚರಿತ್ರೆಯೆಂದೇ ಓದುತ್ತೇವೆ. ಆದರೆ ಯುದ್ಧವು ಮನುಷ್ಯನ ಅಂತಃಸಾಕ್ಷಿಯನ್ನು ಹೇಗೆ ಒರೆಗೆ ಹಚ್ಚುತ್ತದೆಂಬುದನ್ನು ಅರಿಯಬೇಕಾದರೆ ಹಳ್ಳಿಯೊಂದರ ಚರಿತ್ರೆಯನ್ನೇ ನೋಡಬೇಕು.

ಆಗ್ನೇಯ ಪೋಲೆಂಡಿನ ಮಾರ್ಕೋವಾ ಅಂಥದೊಂದು ಗ್ರಾಮ. ಹದಿನಾಲ್ಕನೆಯ ಶತಮಾನದಲ್ಲಿ ಜರ್ಮನ್ ವಲಸೆಗಾರರು ನೆಲೆಗೊಳಿಸಿದ ಊರಿದು. ಕಾಲಕ್ರಮದಲ್ಲಿ ಅವರ ಸಂತತಿಯವರು ಭಾಷೆಯಲ್ಲಿಯೂ ಆಚಾರದಲ್ಲಿಯೂ ಪೋಲರೇ ಆದರು. ಎರಡನೆಯ ಮಹಾಯುದ್ಧಕ್ಕೆ ಮುನ್ನ ಇಲ್ಲಿ ಸುಮಾರು 120 ಮಂದಿ ಯೆಹೂದ್ಯರೂ ವಾಸವಾಗಿದ್ದರು.

1939ರಲ್ಲಿ ಜರ್ಮನಿ ಪೋಲೆಂಡನ್ನು ಆಕ್ರಮಿಸಿತು. 1941ರ ಅಕ್ಟೋಬರ್ 15ರಂದು ಹೊರಟ ಶಾಸನವು ಯೆಹೂದ್ಯರಿಗೆ ಆಶ್ರಯವಿತ್ತವರಿಗೂ ಮರಣದಂಡನೆಯನ್ನು ವಿಧಿಸಿತು. ಈ ಭಯದ ಮೊದಲ ಫಲವು 1942ರ ಡಿಸೆಂಬರಿನಲ್ಲಿ ಕಂಡುಬಂದಿತು: ಊರವರೇ ಶೋಧ ನಡೆಸಿ, ಅಡಗಿದ್ದ ಯೆಹೂದ್ಯರಲ್ಲಿ ಹಲವರನ್ನು ಹಿಡಿದರು, ಜರ್ಮನರು ಅವರನ್ನು ಗುಂಡಿಕ್ಕಿ ಕೊಂದರು.

ಅದೇ ಊರಿನಲ್ಲಿ ಯೂಝೆಫ್ ಉಲ್ಮಾ ಎಂಬ ರೈತನಿದ್ದನು. ಹಣ್ಣಿನ ಗಿಡಗಳನ್ನೂ ಜೇನನ್ನೂ ಸಾಕುತ್ತ, ಬಿಡುವಿನಲ್ಲಿ ಛಾಯಾಚಿತ್ರ ತೆಗೆಯುತ್ತ ಬಾಳಿದವನು. ಅವನೂ ಪತ್ನಿ ವಿಕ್ತೋರಿಯಾಳೂ ಎಂಟು ಮಂದಿ ಯೆಹೂದ್ಯರನ್ನು ತಮ್ಮ ಮನೆಯ ಅಟ್ಟದಲ್ಲಿ ಬಚ್ಚಿಟ್ಟರು. 1944ರ ಮಾರ್ಚ್ 24ರ ನಸುಕಿನಲ್ಲಿ ಜರ್ಮನ್ ಪೊಲೀಸರು ಮನೆಯನ್ನು ಮುತ್ತಿದರು. ಮೊದಲು ಆ ಎಂಟು ಮಂದಿ, ಬಳಿಕ ತುಂಬುಗರ್ಭಿಣಿಯಾದ ವಿಕ್ತೋರಿಯಾ ಮತ್ತು ಯೂಝೆಫ್, ಕೊನೆಗೆ ಅವರ ಆರು ಮಕ್ಕಳು ಹತರಾದರು. ಮಕ್ಕಳಲ್ಲಿ ಹಿರಿಯವಳಿಗೆ ಏಳು ವರ್ಷ.

ಈ ಹತ್ಯೆಯ ಉದ್ದೇಶವು ಇಡೀ ಊರಿಗೆ ಪಾಠ ಕಲಿಸುವುದಾಗಿತ್ತು. ಆದರೆ ಆ ಪಾಠವನ್ನು ಎಲ್ಲರೂ ಕಲಿಯಲಿಲ್ಲ. ಮಾರ್ಕೋವಾದ ಇತರ ಮನೆಗಳಲ್ಲಿ ಅಡಗಿದ್ದವರಲ್ಲಿ ಇಪ್ಪತ್ತಕ್ಕೆ ಕಡಮೆಯಿಲ್ಲದಷ್ಟು ಯೆಹೂದ್ಯರು ಯುದ್ಧ ಮುಗಿಯುವವರೆಗೂ ಬದುಕುಳಿದರು. ಆ ಮನೆಯವರು ಉಲ್ಮಾ ಕುಟುಂಬದ ಗತಿಯನ್ನು ಬಲ್ಲವರಾಗಿಯೂ ಬಾಗಿಲಿಗೆ ಬಂದವರನ್ನು ಬಿಟ್ಟುಕೊಡಲಿಲ್ಲ.

ನ್ಯಾಯ ಮಾತ್ರ ಅರೆಬರೆಯಾಗಿಯೇ ಉಳಿಯಿತು. ಕೊಲೆಗಾರರಲ್ಲಿ ಒಬ್ಬನಾದ ಯೋಸೆಫ್ ಕೊಕೊಟ್‌ಗೆ 1958ರಲ್ಲಿ ಶಿಕ್ಷೆಯಾಯಿತು. ತಂಡದ ನಾಯಕ ಐಲರ್ಟ್ ಡೀಕೆನನು ಪಶ್ಚಿಮ ಜರ್ಮನಿಯಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ವಿಚಾರಣೆಯಿಲ್ಲದೆ 1960ರಲ್ಲಿ ತೀರಿಕೊಂಡನು.

2016ರಲ್ಲಿ ಈ ಗ್ರಾಮದಲ್ಲಿ ಉಲ್ಮಾ ಕುಟುಂಬದ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. 2023ರಲ್ಲಿ ಕ್ಯಾಥೊಲಿಕ್ ಧರ್ಮಸಭೆಯು ಆ ಕುಟುಂಬವನ್ನು ಧನ್ಯರೆಂದು ಸಾರಿತು. ಈ ಗೌರವ ಉಚಿತವೇ. ಆದರೆ 1942ರ ಶೋಧವನ್ನು ಮರೆತು 1944ರ ತ್ಯಾಗವನ್ನಷ್ಟೇ ಸ್ಮರಿಸಿದರೆ ಆ ತ್ಯಾಗದ ಬೆಲೆಯೂ ನಮಗೆ ತಿಳಿಯದು. ಹಿಡಿದುಕೊಟ್ಟವರೂ ಕಾಪಾಡಿದವರೂ ಒಂದೇ ಊರಿನವರು, ಒಂದೇ ಭಯಕ್ಕೆ ಒಳಗಾದವರು. ಭಯವು ಎಲ್ಲರಿಗೂ ಸಮಾನವಾಗಿತ್ತು; ನಿರ್ಧಾರ ಮಾತ್ರ ಅವರವರದಾಗಿತ್ತು.