ಗುಂಡ್ಲುಪೇಟೆ ಟ್ರಿಪ್: ಒಬ್ಬರಿಗೆ ಒಂದೇ ಜಾಗ!

ಕಳೆದ ಸಲ ಒಂದೇ ದಿನಕ್ಕೆ ಎಂಟು ಜಾಗ ಪಟ್ಟಿ ಮಾಡಿದ್ದೆ. ಓಡಾಟದಲ್ಲಿ ಅಪ್ಪ ಕೇಳಿದ್ದ ಒಂದೇ ಒಂದು ದೇವಸ್ಥಾನ ತಪ್ಪಿಹೋಯ್ತು. ಅಪ್ಪ ಏನೂ ಅನ್ನಲಿಲ್ಲ, ಅದೇ ಬೇಜಾರು. ಈ ಸಲ ಮೈಸೂರಿಂದ ಹೊರಡುವಾಗ ಒಂದೇ ರೂಲು: ತಲೆಗೊಂದು ಜಾಗ.

ಅಮ್ಮನದು ಹಿಮವದ್ ಗೋಪಾಲಸ್ವಾಮಿ ಬೆಟ್ಟ, 1,454 ಮೀಟರ್ ಎತ್ತರ. ನಮ್ಮ ಕಾರು ಮೇಲೆ ಬಿಡಲ್ಲ. ತಪ್ಪಲಿನಿಂದ ಕೆಎಸ್‌ಆರ್‌ಟಿಸಿ ಬಸ್. ರಜಾದಿನ ಕ್ಯೂ ಇರುತ್ತೆ, ಹಾಗಾಗಿ ಬೆಳಿಗ್ಗೆಯೇ ಹೋಗಿ. ಮೇಲೆ ಮೆಟ್ಟಿಲುಗಳಿವೆ, ಮೊಣಕಾಲು ನೋವಿರೋರನ್ನು ಅವಸರಪಡಿಸಬೇಡಿ.

ತಂಗಿಯದು ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲ. ಮುಂಗಾರಿನ ಹೊತ್ತಲ್ಲಿ ರಸ್ತೆ ಬದಿಯೆಲ್ಲ ಹಳದಿ. ಫೋಟೋಗೆ ಮೊದಲು ರೈತರನ್ನು ಕೇಳಿ. ಅದು ಅವರ ಫಸಲು.

ಅಪ್ಪನದು ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನ. ಅರಿಕುಠಾರ ಅಂತಿದ್ದ ಊರಲ್ಲಿ, ತಂದೆ ಹುಟ್ಟಿದ ಜಾಗ ಅಂತ ಮುಮ್ಮಡಿ ಕೃಷ್ಣರಾಜ ಒಡೆಯರ್ 1826ರಲ್ಲಿ ಕಟ್ಟಿಸಿದ್ದು. ಸಂಜೆ ನಿಧಾನವಾಗಿ ನೋಡಿ.

ಡ್ರೈವರ್ ಆದ ನನ್ನ ಪಾಲು? ‘ಹಾಗೇ ಊಟಿಗೂ ಹೋಗೋಣ’ ಅಂದವರಿಗೆ ಬೇಡ ಅನ್ನೋದು. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಮೂರೇ ಜಾಗ. ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡ್ತಿದ್ರು.