ತೇಗಿನಲ್ಲಿ ಹೋಗುವ ಮೇವು



ಬೀದರ್, ಭಾಲ್ಕಿ, ಔರಾದ್ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದರೆ ಮಿಶ್ರತಳಿ ಹಸು ಮೇವು ಬಿಟ್ಟು ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ. ಭೂಮಿ ಬಿಸಿಯಾದಷ್ಟೂ ಇಂಥ ದಿನಗಳು ಹೆಚ್ಚುತ್ತವೆ. ಇದಕ್ಕೆ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ದೊಡ್ಡ ಕಾರಣ. ಕೊಟ್ಟಿಗೆಯ ಪಾಲೂ ಸ್ವಲ್ಪ ಇದೆ.

ಹಸು, ಎಮ್ಮೆಯ ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಮೀಥೇನ್ ಅನಿಲ ತೇಗಿನಲ್ಲಿ ಹೊರಬರುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲು ಹೀಗೆ ಹಾಲಾಗದೆ ಹೋಗುತ್ತದೆ. ಬರೀ ಒಣಮೇವು ತಿಂದರೆ ಪ್ರತಿ ಲೀಟರ್ ಹಾಲಿಗೆ ಈ ನಷ್ಟ ಹೆಚ್ಚು. ಆದ್ದರಿಂದ:

• ಜೋಳದ ಕಣಿಕೆಯನ್ನು ಕತ್ತರಿಸಿ, ಹಸಿಮೇವು, ತೊಗರಿ ಹೊಟ್ಟು, ಪಶು ಆಹಾರ, ಖನಿಜ ಮಿಶ್ರಣದ ಜೊತೆ ಕೊಡಿ.

• ಬೇಸಿಗೆಯಲ್ಲಿ ನಸುಕಿನಲ್ಲಿ ಮತ್ತು ಸಂಜೆ ಮೇವು ಹಾಕಿ. ದಿನವಿಡೀ ನೆರಳು, ತಣ್ಣೀರು ಇರಲಿ.

• ಸಗಣಿಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿ. ಗಾಳಿಗೆ ಸೇರುವ ಮೀಥೇನ್ ಒಲೆಯಲ್ಲಿ ಉರಿಯುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ.

• ನಮ್ಮ ಭಾಗದ ದೇವಣಿ ತಳಿ ಬಿಸಿಲು ತಾಳುತ್ತದೆ. ಹಾಲು ಕಡಿಮೆಯೆಂದು ಮಾರಿಬಿಡಬೇಡಿ.

ತೇಗಿನಲ್ಲಿ ಹೋಗುವುದನ್ನು ತಡೆದಷ್ಟೂ ಕ್ಯಾನಿಗೆ ಬರುವ ಹಾಲು ಹೆಚ್ಚುತ್ತದೆ.